ಹಂಪಮ್ಮನವರ ಜೋಗುಳಕ್ಕೆ ನಾನು ಹಾಕಿದ ಮೂರು ಬೆಳಕು

ಬೆಳಕಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಕೂಡ್ಲಿಗಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬದೆ ಏನು ಮಾಡಲಿ? ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು. ಹತ್ತನೇ ತರಗತಿಯ ಬೆಳಕಿನ ಪಾಠವನ್ನು ಪುಸ್ತಕ ತೆರೆಯದೆ ಒಪ್ಪಿಸಬಲ್ಲೆ. ಪತನ ಕೋನ, ಪ್ರತಿಫಲನ ಕೋನ, ನಿಮ್ನ ದರ್ಪಣ, ಪೀನ ದರ್ಪಣ, ಎಲ್ಲವೂ ನಾಲಿಗೆಯ ತುದಿಯಲ್ಲಿ. ನಮ್ಮ ಮನೆಯ ಟ್ಯೂಬ್‌ಲೈಟ್ ಕೆಟ್ಟರೆ ಮಾತ್ರ ಹೊರಗಿನಿಂದ ಜನ ಬರಬೇಕಿತ್ತು, ಅದು ಬೇರೆ ಮಾತು.

ಈ ಜ್ಞಾನವನ್ನು ನಾನು ಜೀವನದಲ್ಲಿ ಒಂದೇ ಸಲ ಕಾರ್ಯರೂಪಕ್ಕೆ ತಂದೆ. ಅದರ ವರದಿಯನ್ನು ಈ ಮೂಲಕ ಸಲ್ಲಿಸುತ್ತಿದ್ದೇನೆ.

ನನ್ನ ಹೆಂಡತಿ ಗಿರಿಜಾಳ ತಾಯಿ ಹಂಪಮ್ಮನವರು. ಹೊಸಹಳ್ಳಿಯವರು. ಮಾವ ತೀರಿಕೊಂಡ ಮೇಲೆ ಕೂಡ್ಲಿಗಿಯ ನಮ್ಮ ಮನೆಯಲ್ಲೇ ಇದ್ದಾರೆ. ನನ್ನನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ, ಅಳಿಯಂದಿರೇ ಎಂದೂ ಕರೆದಿಲ್ಲ. 'ಮಾಸ್ತರ್ರ' ಅಷ್ಟೇ. ನಾನು ಎದುರಿಗೆ ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ನಾನು ಎಷ್ಟು ಬೇಡವೆಂದರೂ ಆ ಸೆರಗು ಇಳಿದದ್ದಿಲ್ಲ.

ಹಂಪಮ್ಮನವರು ಜೋಗುಳ ಹಾಡುತ್ತಿದ್ದರು. ಹೊಸಹಳ್ಳಿಯ ಸುತ್ತಮುತ್ತ ಯಾರ ಮನೆಯಲ್ಲಿ ತೊಟ್ಟಿಲ ಕಾರ್ಯವಾದರೂ ಅವರಿಗೆ ಹೇಳಿಕೆ ಹೋಗುತ್ತಿತ್ತು. ಅವರ ಹಾಡು ಒಂದೇ ಹಾಡಲ್ಲ. ಧಾಟಿ ಒಂದೇ, ಮಾತು ಮಾತ್ರ ಪ್ರತಿ ಕೂಸಿಗೂ ಬೇರೆ. ಕೂಸು ಹುಟ್ಟಿದ ವಾರ, ಆವತ್ತು ಮಳೆ ಬಂದಿತ್ತೋ ಇಲ್ಲವೋ, ಮೊದಲು ಎತ್ತಿಕೊಂಡವರು ಯಾರು, ಮೂಗು ಯಾರದು, ಸಿಟ್ಟು ಯಾರದು, ಎಲ್ಲವನ್ನೂ ನಿಂತ ನಿಲುವಿನಲ್ಲಿ ಕಟ್ಟಿ ಹಾಡುತ್ತಿದ್ದರು. ನನ್ನ ಮಗಳು ಸುಮಾಳ ತೊಟ್ಟಿಲಿಗೆ ಹಾಡುವಾಗ, ಕೂಸಿನ ಅಪ್ಪ ಎಲ್ಲ ಬಲ್ಲವನು, ಅವನಿಗೆ ಕೂಸನ್ನು ಎತ್ತಿಕೊಳ್ಳಲು ಮಾತ್ರ ಬಾರದು ಎಂಬ ಅರ್ಥದ ಒಂದು ಸಾಲು ಸೇರಿಸಿದ್ದರು. ನೆರೆದ ಹೆಂಗಸರು ನಕ್ಕರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ದನಿ ಒಡೆಯಿತು. ನೆಗಡಿ ಎಂದುಕೊಂಡೆವು. ಕಷಾಯವಾಯಿತು, ಇಂಜೆಕ್ಷನ್ ಆಯಿತು, ಕೊನೆಗೆ ದಾವಣಗೆರೆಗೆ ಕರೆದುಕೊಂಡು ಹೋದೆವು. ಗಂಟಲಲ್ಲಿ ಗಡ್ಡೆ ಇತ್ತು. ದನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರರು ಮೆಲ್ಲಗೆ ಹೇಳಿದರು. ಮುಂದಿನ ಬುಧವಾರ ಸೇರಿಸಿರಿ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಹಂಪಮ್ಮನವರು ಕಿಟಕಿಯ ಕಡೆ ನೋಡುತ್ತಾ ಒಂದೇ ಮಾತು ಹೇಳಿದರು.

"ಸುಮಾನ ಕೂಸಿಗೆ ಹಾಡೂತನಕ ಇದ್ದಿದ್ರ ಚೊಲೋ ಇತ್ತು."

ಸುಮಾ ಹರಪನಹಳ್ಳಿಗೆ ಕೊಟ್ಟ ನಮ್ಮ ಒಬ್ಬಳೇ ಮಗಳು. ಆಗ ಅವಳು ಏಳು ತಿಂಗಳ ಬಸುರಿ. ವಿಷಯ ತಿಳಿದವಳೇ ಫೋನಿನಲ್ಲಿ ಅತ್ತಳು. ಅತ್ತು ಮುಗಿಸಿ ಒಂದು ಆಜ್ಞೆ ಕೊಟ್ಟಳು.

"ಅಪ್ಪಾ, ಅಜ್ಜಿ ಹಾಡು ವಿಡಿಯೋ ಮಾಡಿಡು. ನನ್ನ ಕೂಸಿನ ತೊಟ್ಟಿಲಾಗ ಅದನ್ನ ಹಚ್ಚೂಣು."

ಇಷ್ಟು ವರ್ಷ ಯಾಕೆ ಯಾರೂ ರೆಕಾರ್ಡ್ ಮಾಡಿರಲಿಲ್ಲ ಎಂದು ನೀವು ಕೇಳಬಹುದು. ಕೂಸಿಲ್ಲದೆ ಅವರು ಹಾಡುತ್ತಿರಲಿಲ್ಲ. ಬರಿದಾದ ತೊಟ್ಟಿಲು ತೂಗಬಾರದು, ಬರಿದಾದ ತೊಟ್ಟಿಲಿಗೆ ಹಾಡಬಾರದು. ಕೂಸಿದ್ದ ಮನೆಗಳಲ್ಲಿ ಫೋನಿದ್ದವರೆಲ್ಲ ಕೂಸಿನ ಫೋಟೋ ತೆಗೆಯುವುದರಲ್ಲಿ ಇರುತ್ತಿದ್ದರು. ಈಗ ಅವರೇ ಒಂದು ದಾರಿ ಹುಡುಕಿದರು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಚಟ್ನಿ ಅರೆಯುವ ಗುಂಡುಕಲ್ಲನ್ನು ಹಾಕಿ ತೂಗುತ್ತಾರೆ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು.

"ಗುಂಡುಕಲ್ಲು ಹಾಕ್ರಿ, ಹಾಡ್ತೀನಿ. ಆದ್ರ ಒಂದ ಸಲ. ಎರಡನೇ ಸಲಕ್ಕ ದನಿ ಇಲ್ಲ" ಎಂದರು ಹಂಪಮ್ಮನವರು.

ದನಿ ನಿಜಕ್ಕೂ ಇರಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಒಂದೆರಡು ತಾಸು ತಿಳಿಯಾಗಿರುತ್ತಿತ್ತು. ಒಂಬತ್ತಾದರೆ ಪಿಸುಮಾತು.

ಶನಿವಾರ ಬೆಳಿಗ್ಗೆ ಗಿರಿಜಾ ನನ್ನ ಕೈಗೆ ಫೋನ್ ಕೊಟ್ಟಳು. ಹಂಪಮ್ಮನವರು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. "ಸುಮ್ನ ಹಿಡೀರಿ. ಅವ್ವ ಈಗ ಹಾಡ್ತಾಳ" ಎಂದಳು.

ಆ ಕ್ಷಣದಲ್ಲಿ ನಾನು ಸುಮ್ಮನೆ ಹಿಡಿದಿದ್ದರೆ ಈ ವರದಿಯ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ಫೋನಿನ ಪರದೆಯಲ್ಲಿ ನೋಡಿದೆ. ಮೇಲೆ ಒಂದು ಬಡಕಲು ಬಲ್ಬು. ಅರ್ಧ ಮುಖ ಕಪ್ಪು. ಮೂಗಿನ ನೆರಳು ಗದ್ದದವರೆಗೆ ಇಳಿದಿತ್ತು.

"ಈ ಬೆಳಕಿನಾಗ? ಗಿರಿಜಾ, ಇದು ಮೊಮ್ಮಕ್ಕಳು ಮರಿಮಕ್ಕಳು ನೋಡೋ ದಾಖಲೆ" ಎಂದೆ.

"ನೋಡೋದಲ್ರಿ, ಕೇಳೋದು" ಎಂದಳು ಅವಳು.

ಈ ಮಾತು ನನ್ನ ಕಿವಿಯ ಮೇಲಷ್ಟೇ ಬಿತ್ತು. ನಾನು ಆಗಲೇ ಯೂಟ್ಯೂಬ್ ತೆರೆದಿದ್ದೆ. ಅಲ್ಲಿ ಒಬ್ಬ ಮಹಾನುಭಾವ ಮೂರು ಬೆಳಕಿನ ಸೂತ್ರವನ್ನು ಬೋಧಿಸುತ್ತಿದ್ದ. ಒಂದು ಮುಖ್ಯ ಬೆಳಕು, ಮುಖದ ಪಕ್ಕದಿಂದ ನಲವತ್ತೈದು ಡಿಗ್ರಿಯಲ್ಲಿ. ಇನ್ನೊಂದು ತುಂಬು ಬೆಳಕು, ಆ ಕಡೆಯ ನೆರಳನ್ನು ಮೆದುಮಾಡಲು. ಮೂರನೆಯದು ಹಿಂಬೆಳಕು, ತಲೆಯ ಅಂಚನ್ನು ಗೋಡೆಯಿಂದ ಬೇರ್ಪಡಿಸಲು. ನಲವತ್ತೈದು ಡಿಗ್ರಿ ಎಂಬ ಶಬ್ದ ಕೇಳಿದ್ದೇ ತಡ, ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು.

ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋದೆ. ಅಲ್ಲಿ ನನ್ನ ಹಳೆಯ ಶಿಷ್ಯ ಮಂಜಣ್ಣನ ಫೋಟೋ ಸ್ಟುಡಿಯೋ ಇದೆ. ಮದುವೆ ಮುಂಜಿಗಳಿಗೆಲ್ಲ ಅವನೇ. ಮಂಜಣ್ಣ ಎಲ್ಲ ಕೇಳಿಸಿಕೊಂಡು, "ಸರ್, ನಾನ ಬಂದು ವಿಡಿಯೋ ತಗದು ಕೊಟ್ಟು ಹೋಗ್ಲೇನ್ರಿ? ಅರ್ಧ ತಾಸಿನ ಕೆಲಸ" ಎಂದ.

"ಮಂಜಣ್ಣಾ, ನೀನು ಬೆಳಕಿನ ಪಾಠ ಕಲ್ತಿದ್ದು ನನ್ನ ಹತ್ರ" ಎಂದೆ.

"ಹೌದ್ರಿ ಸರ್. ಅದ್ರಾಗ ನಾ ಫೇಲಾಗಿದ್ನಿ."

"ಅದಕ್ಕ ಹೇಳಾಕತ್ತೀನಿ."

ಪಾಪ, ಅವನು ಎರಡು ಎಲ್‌ಇಡಿ ಲೈಟು, ಒಂದು ಸಣ್ಣ ಲೈಟು, ಮೂರು ಸ್ಟ್ಯಾಂಡು, ಬೆಳಕನ್ನು ಸೋಸಿ ಮೆತ್ತಗೆ ಮಾಡುವ ಬಿಳಿ ಬಟ್ಟೆಯ ದೊಡ್ಡ ಡಬ್ಬಿ ಎಲ್ಲ ಕೊಟ್ಟ. ಹೊರಡುವಾಗ ಒಂದು ಗುಬ್ಬಚ್ಚಿ ಗಾತ್ರದ ಮೈಕನ್ನು ಕೈಯಲ್ಲಿಟ್ಟ. ಸೀರೆಗೆ ಸಿಕ್ಕಿಸುವಂಥದ್ದು. "ಇದನ್ನ ಒಂದು ತಾಸು ಚಾರ್ಜ್ ಮಾಡ್ರಿ. ಹಾಡಂದ ಮ್ಯಾಲ ಮದ್ಲು ಇದನ್ನ ನೋಡ್ರಿ ಸರ್. ಬೆಳಕು ಕಮ್ಮಿ ಬಿದ್ರ ಜನ ಬೈತಾರ. ದನಿ ಬರ್ಲಿಲ್ಲಂದ್ರ ಅಳ್ತಾರ" ಎಂದ. ಬೆಳಕಿನ ಪಾಠದಲ್ಲಿ ಫೇಲಾದವನ ಮಾತಿಗೆ ನಾನು ಎಷ್ಟು ಬೆಲೆ ಕೊಡಬಹುದೋ ಅಷ್ಟೇ ಕೊಟ್ಟೆ.

ಬಸ್ಸಿನಲ್ಲಿ ಸ್ಟ್ಯಾಂಡುಗಳನ್ನು ಕಂಡು ಕಂಡಕ್ಟರ್, "ಯಾರ ಮದಿವಿರಿ?" ಎಂದು ಕೇಳಿದ. ಜೋಗುಳ ಎಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ಭಾನುವಾರ ತಾಲೀಮು. ಹಂಪಮ್ಮನವರ ದನಿ ಖರ್ಚಾಗಬಾರದೆಂದು ಅವರ ಜಾಗದಲ್ಲಿ ಪಕ್ಕದ ಮನೆಯ ಕೊಟ್ರಪ್ಪನನ್ನು ಕೂರಿಸಿದೆ. ಕೊಟ್ರಪ್ಪನದು ಹಿಟ್ಟಿನ ಗಿರಣಿ. ಗಿರಣಿ ನಿಲ್ಲಿಸಿ ನೇರ ಬಂದು ತೊಟ್ಟಿಲ ಪಕ್ಕ ಕೂತ. ನಾನು ಎರಡು ತಾಸು ಲೈಟನ್ನು ಹಿಂದೆ ಮುಂದೆ ಸರಿಸಿ, ಅವನ ಮುಖದ ಮೇಲೆ ಬೆಳಕನ್ನು ಹದಕ್ಕೆ ತಂದೆ. ನೆಲದ ಮೇಲೆ ಸುಣ್ಣದಿಂದ ಗುರುತು ಹಾಕಿದೆ. ಎಲ್ಲ ಮುಗಿದ ಮೇಲೆ ಗಿರಿಜಾ ಟವೆಲ್ ತಂದು ಕೊಟ್ಟಳು. ಕೊಟ್ರಪ್ಪ ಮುಖ ಒರೆಸಿಕೊಂಡ. ಅರ್ಧ ಸೇರು ಜೋಳದ ಹಿಟ್ಟು ಉದುರಿತು. ಒಳಗಿನಿಂದ ಬೇರೆಯೇ ಬಣ್ಣದ ಕೊಟ್ರಪ್ಪ ಹೊರಬಂದ.

"ಯಾಕೋ ಮಾರಾಯ, ಮದ್ಲ ಹೇಳಬಾರ್ದಾ?" ಎಂದೆ.

"ನೀವು ಬೆಳಕಿನವ್ರು. ನಿಮಗ ಕಾಣ್ತೈತಿ ಅಂದ್ಕಂಡ್ನಿ" ಎಂದ ಕೊಟ್ರಪ್ಪ.

ಸುಣ್ಣದ ಗುರುತುಗಳನ್ನೆಲ್ಲ ಅಳಿಸಿ ಮತ್ತೆ ಶುರು ಮಾಡುವಷ್ಟರಲ್ಲಿ ಭಾನುವಾರ ಮುಗಿದಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹಂಪಮ್ಮನವರು ಮಡಿ ಸೀರೆ ಉಟ್ಟು ಬಂದು ಕೂತರು. ತೊಟ್ಟಿಲಲ್ಲಿ ಗುಂಡುಕಲ್ಲಿಗೆ ಕುಲಾವಿ ಕಟ್ಟಿ ಮಲಗಿಸಿದ್ದರು. ವರ್ಷಾನುಗಟ್ಟಲೆ ಎಣ್ಣೆ ಕುಡಿದ ಕಲ್ಲು. ನನ್ನ ಲೈಟು ಬಿದ್ದೊಡನೆ ಅದು ನಿಮ್ನ ದರ್ಪಣವೋ ಪೀನ ದರ್ಪಣವೋ ಆಗಿ ಥಳಥಳ ಹೊಳೆಯಿತು. ನಾನು ಗಿರಿಜಾಳ ಪೌಡರ್ ತಂದು ಕಲ್ಲಿನ ಮುಖಕ್ಕೆ ಬಳಿದೆ.

"ಕೂಸಿಗೆ ಪೌಡ್ರ ಹಾಕಿದ್ರಿ, ಚೊಲೋ ಆತು. ಒಂದು ಕಾಡಿಗಿ ಬೊಟ್ಟೂ ಇಡ್ರಿ ಮಾಸ್ತರ್ರ" ಎಂದರು ಹಂಪಮ್ಮನವರು. ಆವತ್ತು ಅವರ ದನಿ ತಿಳಿಯಾಗಿತ್ತು. ನನಗೆ ನೆನಪಿದೆ.

ಮುಖ್ಯ ಬೆಳಕು ಹಚ್ಚಿದೆ. ಅವರು ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದರು. ಸಂಜೆ ದೀಪ ಹಚ್ಚಿದಾಗ ಮಾಡುವ ಹಾಗೆ. ಆರಿಸಿ, ಸ್ವಲ್ಪ ಸರಿಸಿ, ಮತ್ತೆ ಹಚ್ಚಿದೆ. ಮತ್ತೆ ನಮಸ್ಕಾರ. ತುಂಬು ಬೆಳಕು ಹಚ್ಚಿದೆ. ಆ ಕಡೆ ತಿರುಗಿ ಅದಕ್ಕೊಂದು.

"ಅತ್ತೀರಿ, ಇದಕ್ಕೆಲ್ಲ ಕೈ ಮುಗಿಯೋದು ಬ್ಯಾಡ್ರಿ."

"ದೀಪ ಅಲ್ಲೇನ್ರಿ ಮಾಸ್ತರ್ರ?"

"ದೀಪಾನ."

"ಮತ್ತ?"

ನಾನು ಲೈಟಿನ ತಿರುಪು ಬಿಗಿಮಾಡತೊಡಗಿದೆ. ಅದಕ್ಕಿಂತ ದೊಡ್ಡ ತೊಡಕು ಸೆರಗಿನದು. ನಾನು ಎದುರಿಗೆ ನಿಂತಿದ್ದೇನಲ್ಲ, ಸೆರಗು ಹಣೆಯವರೆಗೆ ಬಂದಿತ್ತು. ನಲವತ್ತೈದು ಡಿಗ್ರಿಯಲ್ಲಿ ಬಂದ ಬೆಳಕೆಲ್ಲ ಸೆರಗಿನ ಮೇಲೆ ಬೀಳುತ್ತಿತ್ತು. ಮುಖ ಮಾತ್ರ ಅಡುಗೆಮನೆಯಲ್ಲಿ ಇದ್ದಷ್ಟೇ ಕಪ್ಪು. ನಾನು ಲೈಟನ್ನು ಕೆಳಗಿಳಿಸಿದೆ. ಕನ್ನಡಕದಲ್ಲಿ ಎರಡು ಬಿಳಿ ಚೌಕ ಮೂಡಿದವು. ಬಲಕ್ಕೆ ಸರಿಸಿದೆ. ತೊಟ್ಟಿಲ ಹಗ್ಗದ ನೆರಳು ಗದ್ದದ ಮೇಲೆ ಗಡ್ಡವಾಯಿತು. ಗಿರಿಜಾ ಫೋನ್ ಎತ್ತಿಕೊಂಡು ತಾಯಿಯ ಪಕ್ಕ ಕೂತು ಮಗಳಿಗೆ ವಾಯ್ಸ್ ಮೆಸೇಜಿನಲ್ಲಿ ನನ್ನ ಮೇಲೆ ದೂರು ಹೇಳುತ್ತಿದ್ದಳು. ತಾಯಿಯೂ ಏನೋ ಸೇರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. ಕೋನ ಅಳೆಯುತ್ತಿದ್ದೆ.

ಎಂಟೂವರೆಗೆ ಎಲ್ಲ ಒಂದು ಹದಕ್ಕೆ ಬಂತು. ಶುರು ಮಾಡ್ರಿ ಎಂದೆ. ಕರೆಂಟ್ ಹೋಯಿತು.

ಅದು ವಾಪಸು ಬಂದದ್ದು ಮಧ್ಯಾಹ್ನ. ಆಗ ಹಂಪಮ್ಮನವರ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. "ನಾಳಿ ಒಂದು ದಿನ ಐತಲ್ಲ" ಎಂದು ಅವರೇ ನನಗೆ ಪಿಸುಮಾತಿನಲ್ಲಿ ಸಮಾಧಾನ ಹೇಳಿದರು.

ಮಂಗಳವಾರ. ಕೊನೆಯ ಬೆಳಿಗ್ಗೆ. ಆರು ಗಂಟೆಗೇ ಎದ್ದು ಕೊಟ್ರಪ್ಪನ ಮನೆಯಿಂದ ಉದ್ದನೆಯ ವೈರಿನ ಬೋರ್ಡು ತಂದೆ. ಅದರಲ್ಲಿ ಪ್ಲಗ್ ಸಿಕ್ಕಿಸಲು ಮೂರೇ ಜಾಗ. ಒಂದಕ್ಕೆ ಮುಖ್ಯ ಬೆಳಕು, ಒಂದಕ್ಕೆ ತುಂಬು ಬೆಳಕು, ಮೂರನೆಯದಕ್ಕೆ ಮೈಕಿನ ಚಾರ್ಜರ್. ಹಿಂಬೆಳಕನ್ನು ಕೈಬಿಟ್ಟೆ. ಸೆರಗು ಹೊದ್ದ ತಲೆಗೆ ಅಂಚಿನ ಬೆಳಕು ಯಾಕೆ? ಇಷ್ಟರ ಮಟ್ಟಿಗೆ ನಾನು ವಿವೇಕಿಯಾಗಿದ್ದೆ. ಈ ಅಂಶವನ್ನು ದಾಖಲಿಸಬೇಕೆಂದು ಕೋರುತ್ತೇನೆ.

ಸೆರಗಿನ ಸಮಸ್ಯೆಗೂ ರಾತ್ರಿಯೆಲ್ಲ ಯೋಚಿಸಿ ಪರಿಹಾರ ಕಂಡುಕೊಂಡಿದ್ದೆ. ನಾನು ಎದುರಿಗೆ ಇರದಿದ್ದರೆ ಆಯಿತಲ್ಲ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಚಾಲೂ ಮಾಡಿ, ನಾನು ಬಾಗಿಲ ಹಿಂದೆ ಹೋಗುವುದು. ಹಂಪಮ್ಮನವರು ಒಪ್ಪಿದರು. ಪರೀಕ್ಷೆಗೆಂದು ನಾನು ಬಾಗಿಲ ಹಿಂದೆ ಹೋಗಿ ಸಂದಿಯಿಂದ ನೋಡಿದೆ. ಅವರು ಸೆರಗು ಹಿಂದಕ್ಕೆ ಸರಿಸಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ನನ್ನ ಅತ್ತೆಯ ತಲೆಗೂದಲನ್ನು ನೋಡಿದೆ. ಪೂರ್ತಿ ಬೆಳ್ಳಗಿತ್ತು. ಗೋಡೆಯೂ ಬೆಳ್ಳಗಿತ್ತು. ಎರಡೂ ಒಂದರಲ್ಲಿ ಒಂದು ಕರಗಿ, ಬರೀ ಮುಖವೊಂದು ಗೋಡೆಗೆ ಅಂಟಿಸಿದ ಹಾಗೆ ಕಂಡಿತು.

ಹಿಂಬೆಳಕು ಬೇಕೇ ಬೇಕಾಯಿತು.

ಬೋರ್ಡಿನಲ್ಲಿ ಜಾಗವಿರಲಿಲ್ಲ. ಗಂಟೆ ನೋಡಿದೆ. ಏಳೂಕಾಲು. ಮೈಕು ಚಾರ್ಜಿಗೆ ಬಿದ್ದು ಹತ್ತು ನಿಮಿಷವಾಗಿತ್ತು. ಅದರ ತಲೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಹಸಿರು ಎಂದರೆ ಹಸಿರು. ಕಿತ್ತೆ. ಆ ಜಾಗಕ್ಕೆ ಹಿಂಬೆಳಕು ಸಿಕ್ಕಿಸಿದೆ.

"ಪೂರ್ತಿ ಆತೇನ್ರಿ ಅದು?" ಎಂದು ಗಿರಿಜಾ ಕೇಳಿದಳು.

"ಹತ್ತು ನಿಮಿಷದ ಹಾಡಿಗೆ ಹತ್ತು ನಿಮಿಷದ ಚಾರ್ಜ್ ಸಾಕು" ಎಂದೆ. ಗಣಿತವೂ ನನ್ನ ವಿಷಯವಾಗಿತ್ತು.

ಗಿರಿಜಾ ಮೈಕನ್ನು ತಾಯಿಯ ಸೀರೆಗೆ ಸಿಕ್ಕಿಸಿದಳು. ಅವಳ ಕೈಗೆ ಬಿಳಿ ಥರ್ಮಾಕೋಲ್ ಹಲಗೆ ಕೊಟ್ಟು, ಬೆಳಕನ್ನು ಮುಖಕ್ಕೆ ತಿರುಗಿಸುವ ಹೊಣೆ ವಹಿಸಿದೆ. ಫೋನ್ ಚಾಲೂ ಮಾಡಿದೆ. ಮೂರೂ ದೀಪ ಹಚ್ಚಿದೆ. ಹಂಪಮ್ಮನವರು ಮೂರಕ್ಕೂ ಒಂದೊಂದಾಗಿ ಕೈ ಮುಗಿದರು. "ಅತ್ತೀರಿ, ಲೈಟ್ ನೋಡಬ್ಯಾಡ್ರಿ. ಕೂಸಿನ ಕಡೆ ನೋಡ್ರಿ. ಹಾಂ, ಹಂಗ. ನಾನು ಹೊರಗ ಹೋಗ್ತೀನಿ" ಎಂದು ಹೇಳಿ ಬಾಗಿಲ ಹಿಂದೆ ಹೋದೆ.

ಅವರು ಸೆರಗು ಸರಿಸಿ, ತೊಟ್ಟಿಲು ತೂಗಿ, ಹಾಡಿದರು.

ಒಡೆದ ದನಿ. ಆದರೂ ಆ ದನಿ ಮನೆಯ ಮೂಲೆಮೂಲೆಗೂ ಹೋಯಿತು. ಅದು ನನ್ನ ಕಿವಿಗೂ ಬಿತ್ತು. ಕೇಳಿದೆನೋ ಎಂದರೆ, ಇಲ್ಲ. ನಾನು ಬಾಗಿಲ ಸಂದಿಯಿಂದ ಕೂದಲಂಚಿನ ಬೆಳ್ಳಿಗೆರೆಯನ್ನು ನೋಡುತ್ತಿದ್ದೆ. ಅಂಥ ಗೆರೆಯನ್ನು ಯೂಟ್ಯೂಬಿನವನೂ ತೋರಿಸಿರಲಿಲ್ಲ. ನಡುನಡುವೆ ಗಿರಿಜಾಳಿಗೆ ಪಿಸುಗುಟ್ಟುತ್ತಿದ್ದೆ. ಎತ್ತರಕ್ಕ ಹಿಡಿ. ಇನ್ನಷ್ಟು ಎತ್ತರಕ್ಕ. ಅಳ್ಳಾಡಿಸಬ್ಯಾಡ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಾನು ಬಿಟ್ಟಿರಲಿಲ್ಲ.

ಹಾಡು ಮುಗಿಯಿತು. ಹಂಪಮ್ಮನವರು ಗುಂಡುಕಲ್ಲಿನ ಹಣೆ ಸವರಿ, ನೀರು ಕುಡಿದು, ಸೆರಗು ಹೊದ್ದುಕೊಂಡು ಎದ್ದರು. ನಾನು ಫೋನ್ ತೆಗೆದುಕೊಂಡು ಮೊದಲ ಕೆಲವು ಕ್ಷಣ ಹಚ್ಚಿ ನೋಡಿದೆ. 'ಅತ್ತೀರಿ, ಲೈಟ್ ನೋಡಬ್ಯಾಡ್ರಿ' ಎಂದು ನನ್ನ ಮಾತು ಸ್ಪಷ್ಟವಾಗಿ ಕೇಳಿಸಿತು. ದನಿ ಬಂದಿದೆ ಎಂದು ಖಾತ್ರಿಯಾಯಿತು. ಮಿಕ್ಕದ್ದನ್ನು ಅಲ್ಲಲ್ಲಿ ನಿಲ್ಲಿಸಿ ಒಂದೊಂದೇ ಚಿತ್ರವಾಗಿ ನೋಡಿ ಸಂತೋಷಪಟ್ಟೆ. ಕೊಟ್ರಪ್ಪನನ್ನೂ ಕರೆದು ತೋರಿಸಿದೆ.

ಗುರುವಾರ ಆಪರೇಷನ್ ಆಯಿತು. ಜೀವಕ್ಕೆ ಅಪಾಯವಿಲ್ಲ ಎಂದು ಹೇಳಿದರು. ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಗಿರಿಜಾ, "ಅವ್ವನ ಹಾಡು ಒಮ್ಮಿ ಹಚ್ರಿ" ಎಂದಳು.

ಹಚ್ಚಿದೆ. ಹಂಪಮ್ಮನವರು ಮೂರು ದೀಪಕ್ಕೆ ಕೈ ಮುಗಿದರು. ನನ್ನ ದನಿ ಬಂತು. ಲೈಟ್ ನೋಡಬ್ಯಾಡ್ರಿ, ಕೂಸಿನ ಕಡೆ ನೋಡ್ರಿ. ನಾನು ಹೊರಗ ಹೋಗ್ತೀನಿ. ಬಾಗಿಲು ಕಿರ್ರೆಂದಿತು. ಅವರು ಸೆರಗು ಸರಿಸಿದರು. ಬಾಯಿ ತೆರೆದರು.

ಅಲ್ಲಿಗೆ ಮೈಕು ಸತ್ತಿತ್ತು.

"ದನಿ ಜಾಸ್ತಿ ಮಾಡ್ರಿ" ಎಂದಳು ಗಿರಿಜಾ.

"ಪೂರ್ತಿ ಐತಿ" ಎಂದೆ.

ಅವಳು ಫೋನನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದಳು. ಹಾಡು ಮುಗಿಯುವವರೆಗೂ ಹಿಡಿದೇ ಇದ್ದಳು. ನಂತರ ನನ್ನ ತೊಡೆಯ ಮೇಲೆ ಇಟ್ಟಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ನಿನಗ ಒಂದೆರಡು ಸಾಲಾದ್ರೂ ನೆನಪೈತೇನು?" ಎಂದು ನಾನೇ ಕೇಳಿದೆ.

"ಎತ್ತರಕ್ಕ ಹಿಡಿ ಅಂದಿದ್ದು ನೆನಪೈತಿ" ಎಂದಳು.

ಮುಂದಿನ ವಾರ ಕೊಟ್ಟೂರಿಗೆ ಹೋದೆ. ಮಂಜಣ್ಣ ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿದ. ಪರದೆಯ ಕೆಳಗೆ ದನಿಯ ಗುರುತು ಮೊದಲು ಏರಿಳಿದು, ಆಮೇಲೆ ಸಪಾಟಾಗಿ ಹೋಗಿತ್ತು. "ಇಲ್ಲೀತನ ನೀವದೀರಿ ಸರ್. ಇಲ್ಲಿಂದ ಬರೇ ಗೆರಿ. ಗೆರಿ ಅಂದ್ರ ಒಳಗ ಏನೂ ಇಲ್ಲ. ಆ ಮೈಕ್ ಜೋಡಿಸಿದ್ರ ಫೋನಿಂದು ತನ್ನ ಮೈಕ್ ಬಂದಾಗತೈತ್ರಿ. ಇಲ್ಲದ್ದನ್ನ ತರಾಕ ಬರಂಗಿಲ್ರಿ" ಎಂದ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. "ಆದ್ರ ಬೆಳಕು ಮಾತ್ರ, ಸರ್, ಇಂಥದ್ದು ನಾನು ಯಾವ ಮದಿವ್ಯಾಗೂ ಮಾಡಿಲ್ರಿ" ಎಂದ. ಅವನು ಮನಸಾರೆ ಹೇಳಿದ. ನನಗೆ ಅಳು ಬಂತು. ದನಿ ಬರದಿದ್ದರೆ ಅಳುತ್ತಾರೆ ಎಂದು ಅವನು ಮೊದಲೇ ಹೇಳಿದ್ದ.

ಹಂಪಮ್ಮನವರು ಮನೆಗೆ ಬಂದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಓದು ಬರಹ ಬಾರದವರು, ಬರೆದು ತೋರಿಸುವಂತೆಯೂ ಇಲ್ಲ. ಹಾಡು ಹೇಗೆ ಬಂದಿದೆ ಎಂದು ಕೈಸನ್ನೆಯಲ್ಲಿ ಕೇಳಿದರು. ಫೋನಿನ ಚಾರ್ಜ್ ಮುಗಿದಿದೆ ಎಂದೆ. ಮರುದಿನವೂ ಅದನ್ನೇ ಹೇಳಿದೆ. ಮೂರನೆಯ ದಿನದಿಂದ ಅವರು ಕೇಳಲಿಲ್ಲ. ಅವರಿಗೆ ತಿಳಿದುಹೋಗಿತ್ತು ಎಂದು ಕಾಣುತ್ತದೆ. ಆದರೂ ಪ್ರತಿ ಸಂಜೆ ನಾನು ದೀಪ ಹಾಕಿದಾಗ ದೀಪಕ್ಕೆ ಕೈ ಮುಗಿದು, ಆಮೇಲೆ ನನ್ನ ಕಡೆ ನೋಡಿ ಸ್ವಲ್ಪ ನಗುತ್ತಿದ್ದರು. ಆ ನಗೆಯನ್ನು ತಡೆದುಕೊಳ್ಳುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ನಾನು ಬಾಗಿಲು ಹಾಕಿಕೊಂಡು ಆ ವಿಡಿಯೋ ನೋಡುತ್ತಿದ್ದೆ. ತುಟಿಯ ಚಲನೆಯಿಂದ ಮಾತು ಹಿಡಿಯಬಹುದೇ ಎಂದು. 'ಮ' ಬಂದಂತಾಗುತ್ತಿತ್ತು. 'ಮಾಸ್ತರ' ಇರಬಹುದೇ? ಸುಮಾಳ ಕೂಸಿನ ಹಾಡಿನಲ್ಲೂ ನನಗೊಂದು ಸಾಲು ಕೊಟ್ಟಿರಬಹುದೇ? ಬೆಳಕು ಅಷ್ಟು ಚೆನ್ನಾಗಿತ್ತು. ಹಲ್ಲಿನ ಸಂದಿ ಕಾಣುತ್ತಿತ್ತು. ಮಾತು ಮಾತ್ರ ಕಾಣಲಿಲ್ಲ.

ಸುಮಾ ಬಾಣಂತನಕ್ಕೆ ಬಂದಳು. ವಿಡಿಯೋದಲ್ಲಿ ದನಿ ಇಲ್ಲವೆಂದು ಗಿರಿಜಾ ಅವಳಿಗೆ ಮೊದಲೇ ಹೇಳಿದ್ದಳು. ಹೆಣ್ಣು ಕೂಸು. ತೊಟ್ಟಿಲ ಕಾರ್ಯದ ದಿನ ಹೊಸಹಳ್ಳಿಯ ಹೆಂಗಸರೂ ಬಂದಿದ್ದರು. ಮೊದಲು ಗುಂಡುಕಲ್ಲನ್ನು ತೂಗಿದರು. ಅದರ ಹಣೆಯ ಮೇಲೆ ಇನ್ನೂ ಸ್ವಲ್ಪ ಪೌಡರ್ ಇತ್ತು. ಆಮೇಲೆ ಕೂಸನ್ನು ಮಲಗಿಸಿದರು. ಎಲ್ಲರೂ ಅಭ್ಯಾಸದಂತೆ ಮಾತು ನಿಲ್ಲಿಸಿ ಹಂಪಮ್ಮನವರ ಕಡೆ ನೋಡಿದರು. ನೋಡಿದ ಮೇಲೆ ನೆನಪಾಗಿ ತಲೆ ತಗ್ಗಿಸಿದರು.

ಹಂಪಮ್ಮನವರು ಎದ್ದು ತೊಟ್ಟಿಲ ಹಗ್ಗ ಹಿಡಿದರು. ತೂಗುತ್ತಾ ತುಟಿ ಆಡಿಸಿದರು. ಏನೂ ಕೇಳಲಿಲ್ಲ. ಕೂಸು ಒಂದು ಕ್ಷಣ ಅವರ ಮುಖವನ್ನೇ ನೋಡಿ, ಆಮೇಲೆ ಜೋರಾಗಿ ಅಳತೊಡಗಿತು. ಒಬ್ಬಿಬ್ಬರು ಹೆಂಗಸರು ಬೇರೆ ಜೋಗುಳ ಶುರು ಮಾಡಿ, ಧೈರ್ಯ ಸಾಲದೆ ನಿಲ್ಲಿಸಿದರು. ನನಗೆ ಆ ಗುಂಡುಕಲ್ಲಿನ ಕೆಳಗೆ ಹೋಗಿ ಸೇರಿಕೊಳ್ಳೋಣ ಎನಿಸಿತು.

ಆಗ ಸುಮಾ, "ಅಜ್ಜೀ, ತಡಿ" ಎಂದು ತನ್ನ ಫೋನ್ ತೆಗೆದಳು. ಬಹಳ ಹೊತ್ತು ಹುಡುಕಿದಳು. ಆ ಸೋಮವಾರ ಬೆಳಿಗ್ಗೆ ಗಿರಿಜಾ ಕಳಿಸಿದ್ದ ವಾಯ್ಸ್ ಮೆಸೇಜು ಅದು. ಮೊದಲು ಗಿರಿಜಾಳ ಮಾತು. ನಿಮ್ಮಪ್ಪ ಮುಂಜಾನಿಂದ ಲೈಟ್ ಎಳದಾಡಾಕತ್ಯಾನ, ಅಜ್ಜಿ ಏನೋ ಹೇಳ್ತಾಳ ಕೇಳು. ಅದರ ಹಿಂದೆ ಹಂಪಮ್ಮನವರ ದನಿ ಬಂತು. ತಿಳಿಯಾಗಿ, ನಿಧಾನವಾಗಿ, ಕೋಣೆಯ ಒಳಗೇ ನಿಂತು ಮಾತಾಡಿದ ಹಾಗೆ.

"ಸುಮಾ, ನಿಮ್ಮಪ್ಪಗ ಆ ದೀಪ ಆರ್ಸು ಅಂತ ಹೇಳವ್ವಾ. ಕಣ್ಣಿಗೆ ಕುಕ್ಕತೈತಿ. ಹಾಡಾಕ ದೀಪ ಯಾಕ ಬೇಕು? ಕೂಸು ಕತ್ತಲದಾಗ ಮಲಗತೈತಿ."

ಅಷ್ಟೇ. ಹಂಪಮ್ಮನವರ ದನಿ ಎಂದು ಈ ಜಗತ್ತಿನಲ್ಲಿ ಉಳಿದಿರುವುದು ಇಷ್ಟೇ. ಅದೂ ನನ್ನ ಮೇಲಿನ ದೂರು.

ಹಂಪಮ್ಮನವರು ತಮ್ಮ ದನಿಯನ್ನು ತಾವೇ ಕೇಳಿ ಹಗ್ಗ ಹಿಡಿದಲ್ಲೇ ನಿಂತುಬಿಟ್ಟರು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಕೂಸು ಅಳು ನಿಲ್ಲಿಸಿ ದನಿ ಬಂದ ಕಡೆ ಕತ್ತು ಹೊರಳಿಸಿತು. ಸುಮಾ ಮತ್ತೊಮ್ಮೆ ಹಚ್ಚಿದಳು. ನಿಮ್ಮಪ್ಪಗ ಆ ದೀಪ ಆರ್ಸು ಅಂತ ಹೇಳವ್ವಾ. ನೆರೆದವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಎದ್ದು ಹೋಗಿ ಕೋಣೆಯ ದೀಪ ಆರಿಸಿದೆ. ಕಿಟಕಿಯ ಮಬ್ಬಿನಲ್ಲಿ ಹಂಪಮ್ಮನವರು ತೂಗುತ್ತಾ ಹೋದರು. ಮೂರನೆಯ ಸಲ ಹಚ್ಚುವ ಹೊತ್ತಿಗೆ ಕೂಸು ಮಲಗಿತ್ತು.

ನನ್ನ ಮೊಮ್ಮಗಳಿಗೆ ಈಗ ನಾಲ್ಕು ತಿಂಗಳು. ಬೇರೆ ಯಾವ ಹಾಡಿಗೂ ಮಲಗುವುದಿಲ್ಲ. ದಿನಕ್ಕೆ ಎರಡು ಸಲ ಒಳಗಿನ ಕೋಣೆಯಿಂದ ಆ ದನಿ ಬರುತ್ತದೆ. ನಾನು ಊಟಕ್ಕೆ ಕೂತಿದ್ದರೂ, ಪೇಪರ್ ಓದುತ್ತಿದ್ದರೂ, ಎದ್ದು ಹೋಗಿ ದೀಪ ಆರಿಸಿ ಬರುತ್ತೇನೆ. ಬೆಳಕಿನ ವಿಷಯದಲ್ಲಿ ಈ ಮನೆಯವರು ನನ್ನನ್ನು ನಂಬಿ ಕೊಟ್ಟಿರುವ ಕೆಲಸ ಅದೊಂದೇ.